ಅಕ್ಕನಿಗೆ ಬಂದ ಬಾಗಿನ

ಗೌರಿ ಹಬ್ಬ ಹತ್ತಿರ ಬಂತೆಂದರೆ ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಮೊರ ಮಾರುವವರು ಬಂದು ಕೂರುತ್ತಾರೆ. ಬಿದಿರು ಸೀಳಿ ಹೆಣೆದ ಹೊಸ ಮೊರಕ್ಕೆ ಒಂದು ಹಸಿ ವಾಸನೆಯಿದೆ. ಅದರ ಮೇಲೆ ಅರಿಶಿನ ಬಳಿದರಂತೂ ಬೀದಿ ತುದಿಗೂ ಹೊಡೆಯುತ್ತದೆ. ಬೇರೆ ಹೆಂಗಸರಿಗೆ ಅದು ತವರಿನ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಿದ್ದ ಕೂಡಲೇ ಮೈ ಉರಿಯುತ್ತದೆ. ಮೊನ್ನೆಯೂ ಹಾಗೇ ಆಯಿತು. ಜೋಡಿ ಮೊರ ಆರಿಸುತ್ತಾ ಕುಕ್ಕರಗಾಲಲ್ಲಿ ಕೂತವಳಿಗೆ ಆ ವರ್ಷದ್ದೆಲ್ಲ ಒಮ್ಮೆಲೇ ನೆನಪಾಗಿ, ಮಾರುವ ಹೆಂಗಸಿನ ಮೇಲೆ ಸುಮ್ಮಸುಮ್ಮನೆ ರೇಗಿಬಿಟ್ಟೆ.

"ನಾನೇನ್ ಮಾಡ್ದೆ ತಾಯಿ ನಿಮ್ಗೆ" ಎಂದಳು ಆಕೆ.

ಪಾಪ, ಆಕೆ ಏನೂ ಮಾಡಿರಲಿಲ್ಲ. ಮಾಡಿದವರು ಇಬ್ಬರು. ಒಬ್ಬ ನಾನು ಕೆಲಸಕ್ಕಿದ್ದ ಕಂಪನಿಯ ಮುಖ್ಯಸ್ಥ. ಇನ್ನೊಬ್ಬ ನನ್ನ ಒಡಹುಟ್ಟಿದ ಅಣ್ಣ.

ಆಗ ನಾನು ಬೆಂಗಳೂರಿನ ಒಂದು ಹೂಡಿಕೆ ಕಂಪನಿಯಲ್ಲಿದ್ದೆ. ಮನೆ ಮೈಸೂರಿನಲ್ಲಿ, ಓಡಾಟ ಮಂಡ್ಯ ಸೀಮೆಯಲ್ಲಿ. ನಮ್ಮದು ಪ್ರೈವೇಟ್ ಈಕ್ವಿಟಿ ಎಂದರೆ ಊರಿನಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಕ್ಕ ಜಯಮ್ಮ ಒಂದು ದಿನ ಪಟ್ಟು ಹಿಡಿದು ಕೇಳಿದಾಗ ಹೀಗೆ ಹೇಳಿದ್ದೆ: ದುಡ್ಡಿದ್ದವರಿಂದ ದುಡ್ಡು ತಂದು, ಚೆನ್ನಾಗಿ ನಡೆಯಬಹುದಾದ ಒಂದು ಕಾರ್ಖಾನೆಯಲ್ಲಿ ಪಾಲು ಹಾಕುತ್ತೇವೆ, ಐದಾರು ವರ್ಷ ಜೊತೆಗಿದ್ದು ಅದನ್ನು ಬೆಳೆಸುತ್ತೇವೆ, ಆಮೇಲೆ ನಮ್ಮ ಪಾಲು ಮಾರಿ ಹೊರಗೆ ಬರುತ್ತೇವೆ.

"ಪಾಲಿಗೆ ಕರ ಬುಟ್ಟಂಗೆ ಅನ್ನು" ಎಂದಳು ಅಕ್ಕ. "ಸಾಕೋವ್ನು ಒಬ್ಬ, ಕರ ಕೊಟ್ಟೋನು ಒಬ್ಬ. ಹಾಲು ಕರೆಯೋ ಒತ್ಗೆ ಇಬ್ರಿಗೂ ಲಾಬ."

ಅಷ್ಟೇ. ಆ ಕೆಲಸ ನನಗೆ ಇಷ್ಟವಿತ್ತು. ನಾಗಮಂಗಲದ ಕಡೆ ನಮ್ಮ ಪಾಲಿದ್ದ ತೆಂಗಿನ ನಾರಿನ ಕಾರ್ಖಾನೆಗೆ ಹೋದರೆ ಸಂಜೆಯವರೆಗೆ ಸೀರೆ ತುಂಬ ನಾರಿನ ಧೂಳು. ಮೊದಲು ಹೋದಾಗ ಬಯಲಲ್ಲಿ ಹಗ್ಗ ಹೊಸೆಯುತ್ತಿದ್ದ ಹೆಂಗಸರು ಆಮೇಲೆ ಸೂರಿನಡಿ ಯಂತ್ರದ ಮುಂದೆ ನಿಂತಿದ್ದರು. ಜಗಳಗಳೂ ಇದ್ದವು. ಸಂಬಳ ತಡವಾಯಿತು ಅಂತ ಒಮ್ಮೆ ನನ್ನ ಕಾರನ್ನೇ ಅಡ್ಡಗಟ್ಟಿ ಕೂತಿದ್ದರು. ಕಾರ್ಖಾನೆ ಅಂದಮೇಲೆ ಅದೆಲ್ಲ ಇದ್ದದ್ದೇ. ಮನುಷ್ಯರು ಇರುವ ಕಡೆ ಗಲಾಟೆ ಇರುತ್ತದೆ, ಅದನ್ನು ಕೂತು ಬಗೆಹರಿಸುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು ಎಂದುಕೊಂಡಿದ್ದೆ.

ಹೊಸ ಹೆದ್ದಾರಿ ಬಂದ ಮೇಲೆ ಎಲ್ಲ ಬದಲಾಯಿತು. ಆಷಾಢದ ಒಂದು ಮಧ್ಯಾಹ್ನ ಮುಖ್ಯಸ್ಥ ನಿರಂಜನ್ ತಾವೇ ನಾಗಮಂಗಲಕ್ಕೆ ಬಂದರು. ಗಾಳಿ ಎಷ್ಟಿತ್ತೆಂದರೆ ಕಾರ್ಖಾನೆಯ ಅಂಗಳದಲ್ಲಿ ಒಣಹಾಕಿದ ನಾರು ತೆಂಗಿನ ಮರಗಳಿಗೆ ಹೋಗಿ ಸುತ್ತಿಕೊಳ್ಳುತ್ತಿತ್ತು. ಅವರು ಯಂತ್ರ ನೋಡಲಿಲ್ಲ, ಹೆಂಗಸರನ್ನು ಮಾತಾಡಿಸಲಿಲ್ಲ. ವಾಪಸು ಪಾಂಡವಪುರದ ಮೇಲೆ ಬರುವಾಗ ಕಾರಿನಲ್ಲಿ ಹೇಳಿದರು.

"ಇನ್ಮೇಲೆ ಕಂಪನಿಗಳು ಸಾಕು, ಭಾಗ್ಯ. ಎಲ್ಲಾ ಪಾಲೂ ಮಾರಿ ಲ್ಯಾಂಡಿಗೆ ಹೋಗ್ತಿದೀವಿ. ಕಾರ್ಖಾನೆಗೆ ದುಡ್ಡು ಹಾಕಿದ್ರೆ ಜನಾನ ಸಾಕ್ಬೇಕು. ಜಮೀನು ಸಂಬಳ ಕೇಳಲ್ಲ, ಮುಷ್ಕರ ಮಾಡಲ್ಲ, ರಜಾ ಹಾಕಲ್ಲ. ಸುಮ್ನೆ ಬಿದ್ದಿರುತ್ತೆ, ಬೆಲೆ ಏರ್ತಾ ಇರುತ್ತೆ. ಮನುಷ್ಯರ ತಲೆನೋವೇ ಇಲ್ಲ."

"ಈ ಕಾರ್ಖಾನೆ ಗತಿ?"

"ಅವರದ್ದು ಅವರು ನೋಡ್ಕೋತಾರೆ."

ಕಿಟಕಿಯಾಚೆ ಕಬ್ಬಿನ ಗದ್ದೆಗಳಲ್ಲಿ ಗರಿ ಸುಲಿಯುತ್ತಿದ್ದರು, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು, ನಾಲೆಯ ಏರಿ ಮೇಲೆ ಬಟ್ಟೆ ಹರವುತ್ತಿದ್ದರು. ಇಷ್ಟು ಜನರನ್ನು ಕಣ್ಣೆದುರು ಇಟ್ಟುಕೊಂಡು ಜಮೀನಿನಲ್ಲಿ ಮನುಷ್ಯರ ತಲೆನೋವಿಲ್ಲ ಅನ್ನುತ್ತಾನಲ್ಲ ಈ ಆಸಾಮಿ, ಇವನ ಕಣ್ಣಿಗೇನು ಮಣ್ಣು ಬಿದ್ದಿದೆಯೇ ಎನ್ನಿಸಿತು. ಅವರು ನನ್ನ ಕಡೆ ತಿರುಗಿ, "ನಿಮ್ಮೂರು ಅರಕೆರೆ ರಸ್ತೇಲಿ ಅಲ್ವಾ? ಅಲ್ಲೇ ಶುರು ಮಾಡೋಣ ಅಂತಿದೀವಿ. ನೀವಿದ್ದೀರಲ್ಲ, ಸುಲಭ" ಎಂದರು.

ನಮ್ಮ ಊರಿನ ಗದ್ದೆ ಬಯಲಿಗೆ ನಿಂತರೆ ದೂರದಲ್ಲಿ ಕರಿಘಟ್ಟದ ಬೆಟ್ಟ ಕಾಣುತ್ತದೆ. ನಾವು ಹುಟ್ಟಿದಾಗಿನಿಂದ ಅದು ಅಲ್ಲೇ ಇದೆ, ಅದಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ. ನಿರಂಜನ್ ಕಟ್ಟಿದರು. ಬೆಟ್ಟ ಕಾಣುವ ವಿಲ್ಲಾಗಳು, ಬೆಟ್ಟ ಕಾಣುವ ಈಜುಕೊಳ. ಸುತ್ತಲಿನ ಗದ್ದೆಗಳಿಗೆ ಆಗಲೇ ಅಗ್ರಿಮೆಂಟು ಆಗಿತ್ತು. ಟಾರು ರಸ್ತೆಗೂ ಆ ಗದ್ದೆಗಳಿಗೂ ನಡುವೆ ಅಡ್ಡಲಾಗಿ ಇದ್ದದ್ದು ನಮ್ಮ ಎರಡು ಎಕರೆ. ಅದು ಸಿಕ್ಕದೆ ಅವರ ಹೆಬ್ಬಾಗಿಲು ನಿಲ್ಲುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಹೆಬ್ಬಾಗಿಲಿನ ಚಿತ್ರ ಆಗಲೇ ಬರೆಸಿ ಇಟ್ಟಿದ್ದರು, ಎರಡು ಕಡೆ ಎರಡು ಕಲ್ಲಿನಾನೆ.

ಆ ಎರಡು ಎಕರೆಯ ವಿಷಯ ಹೇಳಬೇಕು. ಅಕ್ಕನನ್ನು ಕೆ.ಆರ್. ಪೇಟೆ ಕಡೆಗೆ ಕೊಟ್ಟಿದ್ದರು. ಭಾವ ಚಿಕ್ಕ ವಯಸ್ಸಿನಲ್ಲೇ ಹೋಗಿಬಿಟ್ಟರು, ಮಕ್ಕಳಿರಲಿಲ್ಲ. ವಾಪಸು ಬಂದವಳಿಗೆ ಅಪ್ಪ ನಾಲೆಯ ಕೆಳಗಿನ ಈ ಗದ್ದೆ ತೋರಿಸಿ, "ನೀನು ಇರೋಗಂಟ ಇದು ನಿಂದು ಕಣವ್ವ" ಅಂದಿದ್ದರು. ಬಾಯಿಮಾತು. ಅವರು ತೀರಿಕೊಂಡ ಮೇಲೆ ಪಹಣಿಯಲ್ಲಿ ಅಣ್ಣ ಚಿಕ್ಕಸ್ವಾಮಿ, ಅಕ್ಕ, ನಾನು, ಮೂವರ ಹೆಸರೂ ಒಟ್ಟಿಗೆ ಕೂತವು. ಅಣ್ಣನಿಗೆ ಊರ ಮನೆ, ತೆಂಗಿನ ತೋಟ ಬೇರೆ ಇತ್ತು. ಅಕ್ಕ ಗದ್ದೆಯ ತಲೆಯಲ್ಲಿ ಹೆಂಚಿನ ಕೋಣೆ ಹಾಕಿಕೊಂಡು, ಎರಡು ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿಕೊಂಡು ಯಾರ ಮನೆಯ ಬಾಗಿಲಿಗೂ ಹೋಗದೆ ಬದುಕಿದ್ದಳು. ಆ ಗದ್ದೆ ಹೋದರೆ ಅವಳ ಕೈಯಲ್ಲಿ ಉಳಿಯುವುದು ಎರಡು ಹಗ್ಗ ಮಾತ್ರ.

ನಾಲೆಗೆ ನೀರು ಬಿಟ್ಟ ವಾರ ನಿರಂಜನ್ ಗದ್ದೆ ನೋಡಲು ಬಂದರು. ಮೋಡ ಮುಚ್ಚಿಕೊಂಡು ಸಣ್ಣಗೆ ಹನಿಯುತ್ತಿತ್ತು. ಅಕ್ಕ ಸೀರೆ ಎತ್ತಿಕಟ್ಟಿ ಬದುವಿಗೆ ಕೆಸರು ಮೆತ್ತುತ್ತಿದ್ದಳು. ಇವರು ಶೂ ಹಾಕಿಕೊಂಡೇ ಹಸಿ ಬದುವಿನ ಮೇಲೆ ಹತ್ತಿದರು. ಮೆತ್ತಿದ್ದೆಲ್ಲ ಕುಸಿಯಿತು. ಅಕ್ಕ ಕೈ ತೊಳೆದುಕೊಂಡು ಹೋಗಿ ಮಜ್ಜಿಗೆ ತಂದುಕೊಟ್ಟಳು.

"ಇವರು ಯಾರು, ಕೆಲಸದವರಾ?" ಎಂದು ನನ್ನನ್ನು ಕೇಳಿದರು.

"ನನ್ನ ಅಕ್ಕ. ಈ ಗದ್ದೆ ಮಾಡೋದು ಅವಳೇ."

"ಓ, ಫ್ಯಾಮಿಲಿ ಲ್ಯಾಂಡು. ಒಳ್ಳೇದಾಯ್ತು ಬಿಡಿ. ಹೊರಗಿನವರ ಹತ್ರ ಸೈನ್ ಹಾಕಿಸೋದೇ ಕಷ್ಟ." ಮಜ್ಜಿಗೆ ಅರ್ಧ ಕುಡಿದು ಲೋಟವನ್ನು ಬದುವಿನ ಮೇಲಿಟ್ಟು ಹೋದರು.

ಆ ಲೋಟ ನೆನೆಸಿಕೊಂಡರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅಕ್ಕ ಉಳಿದ ಮಜ್ಜಿಗೆಯನ್ನು ನಾಯಿಗೆ ಹುಯ್ದು, "ನಿಮ್ ಸಾಯೇಬ್ರಿಗೆ ಮಜ್ಗೆ ಉಳಿಯಾಗಿತ್ತಾ?" ಎಂದು ಕೇಳಿದಳು. ಆತ ಬಂದದ್ದು ಯಾತಕ್ಕೆ ಎಂದು ನಾನು ಅಲ್ಲೇ ಹೇಳಿದೆ. ಗದ್ದೆ ಕೊಳ್ಳಲು ಬಂದಿದ್ದಾರೆ, ಅಣ್ಣ ಒಪ್ಪಿದ್ದಾನೆ, ನಿನ್ನ ಮತ್ತು ನನ್ನ ಸಹಿ ಬೇಕು, ನೀನು ಹಾಕಬೇಡ, ಎಂದೆ. ಅಕ್ಕ ಕುಸಿದ ಬದುವಿಗೆ ಮತ್ತೆ ಕೆಸರು ಮೆತ್ತತೊಡಗಿದಳು.

ನಾಟಿ ಮುಗಿಯುವವರೆಗೂ ಅಣ್ಣ ನನ್ನ ಬೆನ್ನು ಬಿಡಲಿಲ್ಲ. ಫೋನಿನ ಮೇಲೆ ಫೋನು. ಸಹಿ ಹಾಕಿದರೆ ಮೈಸೂರಿನ ನಿನ್ನ ಮನೆ ಮೇಲೆ ಇನ್ನೊಂದು ಅಂತಸ್ತು ಏಳಿಸಬಹುದು ಎಂದು ಮೂಗಿಗೆ ತುಪ್ಪ ಸವರಿದ. ಅಕ್ಕನ ಗತಿಯೇನು ಎಂದರೆ, "ನಮ್ಮನೇಲಿ ಒಂದ್ ರೂಮು ಕೊಡ್ತೀನಿ ಕಣಮ್ಮಿ. ಅವ್ಳೇನ್ ಸಾಯೋಗಂಟ ಕೆಸರಲ್ಲೇ ಬಗ್ಗಿರ್ಬೇಕಾ? ನಿಂಗಾದ್ರೂ ಕರುಣೆ ಬ್ಯಾಡ್ವಾ?" ಎಂದು ನನ್ನನ್ನೇ ಕಲ್ಲೆದೆಯವಳನ್ನಾಗಿ ಮಾಡಿದ. ಅತ್ತಿಗೆಯ ಅಡುಗೆಮನೆಯಲ್ಲಿ ಅಕ್ಕನ ಮುಪ್ಪು ಹೇಗೆ ಕಳೆಯುತ್ತದೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇತ್ತ ನಿರಂಜನ್, "ನಿಮ್ಮ ಮನೆಯಿಂದಲೇ ತಡ ಆದ್ರೆ ನನ್ನ ಮುಖ ಎಲ್ಲಿ ಇಟ್ಕೊಳ್ಲಿ" ಎನ್ನುತ್ತಿದ್ದರು. ಇಬ್ಬರೂ ಬೇರೆ ಬೇರೆ ಬಾಯಲ್ಲಿ ಒಂದೇ ಮಾತಾಡುತ್ತಿದ್ದರು.

ಆಮೇಲೆ ಗೌರಿ ಹಬ್ಬ ಬಂತು.

ನಮ್ಮ ಕಡೆ ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ಕೊಟ್ಟ ಹೆಣ್ಣುಮಕ್ಕಳಿಗೆ ಬಾಗಿನ ಒಯ್ಯಬೇಕು. ಜೋಡಿ ಮೊರ, ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ರವಿಕೆ ಕಣ, ಮೇಲೆ ಇನ್ನೊಂದು ಮೊರದ ಮುಚ್ಚಳ. ಎಷ್ಟು ಶ್ರೀಮಂತೆಯಾದರೂ ಹೆಣ್ಣು ಅದಕ್ಕೆ ಕಾಯುತ್ತಾಳೆ. ಬಂತು ಎಂದರೆ ತವರಿನ ಬಾಗಿಲು ತೆರೆದಿದೆ ಎಂದು ಅರ್ಥ. ಬಂದ ಬಾಗಿನವನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ, ಕಳಿಸಿದರೆ ತವರಿಗೆ ಕೇಡು. ಆದರೆ ಅದು ಮುತ್ತೈದೆಯರಿಗೆ ಮಾತ್ರ. ಭಾವ ಹೋದ ವರ್ಷದಿಂದ ಅಕ್ಕನಿಗೆ ಮೊರ ನಿಂತಿತ್ತು. ಹಬ್ಬದ ದಿನ ಒಂದು ನೂಲಿನ ಸೀರೆಯನ್ನು ಕವರಿನಲ್ಲಿ ಸುತ್ತಿ ಅವಳ ಕೈಗೆ ತುರುಕುತ್ತಿದ್ದರು. ನಾನು ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ, ನಾವು ಅಣ್ಣನ ನಡುಮನೆಯಲ್ಲಿ ಮೊರ ಹಿಡಿದು ನಿಂತಾಗ ಅವಳು ಹಿತ್ತಿಲಲ್ಲಿ ಹಸುವಿನ ಮೈ ತಿಕ್ಕುತ್ತಿರುತ್ತಿದ್ದಳು. ಹಾಗೇಕೆ ಎಂದು ಯಾರೂ ಕೇಳಲಿಲ್ಲ, ನಾನೂ ಸೇರಿ.

ಆ ವರ್ಷ ಅಣ್ಣ ಮೈಸೂರಿಗೆ ಬಂದ. ಬಿಳಿ ಪಂಚೆ, ಹಣೆಗೆ ಕುಂಕುಮ, ಕೈಯಲ್ಲಿ ಬಾಗಿನ. ಸೋಫಾದ ಮೇಲೆ ಕೂತು ನೀರು ಕುಡಿದು ಬಲು ಸಮಾಧಾನದಿಂದ ಹೇಳಿದ.

"ಅಕ್ಕಂಗೂ ಕೊಟ್ಬುಟ್ಟು ಬಂದೆ."

"ಸೀರೆನಾ?"

"ಮೊರಾನೇ ಕಣಮ್ಮಿ. ಜೋಡಿ ಮೊರ, ಹಸಿರು ಬಳೆ, ಎಲ್ಲಾವ. ಕಾಲ ಬದ್ಲಾಗದೆ. ಈಗ ಯಾರು ಅದನೆಲ್ಲ ನೋಡ್ತಾರೆ?"

ಒಂದು ಗಳಿಗೆ ನನಗೂ ಸಂತೋಷವೇ ಆಯಿತು. ಆಮೇಲೆ ಅವನು ಬಗಲ ಚೀಲದಿಂದ ಛಾಪಾ ಕಾಗದ ತೆಗೆದ. ಹೆಣ್ಣುಮಕ್ಕಳಿಬ್ಬರೂ ತಮ್ಮ ಹಕ್ಕು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇವೆ ಎಂಬ ಖುಲಾಸೆ ಪತ್ರ. ಅಕ್ಕನ ಸಹಿ ಆಗಲೇ ಬಿದ್ದಿತ್ತು. ಅಂಕುಡೊಂಕಾಗಿ, ಅಕ್ಷರದ ಮೇಲೆ ಅರಿಶಿನದ ಬೆರಳು ಒತ್ತಿದ ಗುರುತು. ಮೊರ ಮುಟ್ಟಿದ ಕೈಯಲ್ಲೇ ಸಹಿ ಹಾಕಿಸಿದ್ದ.

ಆ ಹಳದಿ ಗುರುತನ್ನೇ ನೋಡಿದೆ. ಇಷ್ಟು ವರ್ಷ ಅಮಂಗಳ ಎಂದು ಹಿತ್ತಿಲಿಗೆ ಅಟ್ಟಿದ ಹೆಣ್ಣು ಸಹಿ ಬೇಕಾದ ದಿನ ಮಂಗಳವಾಗಿಬಿಟ್ಟಳು. ಕಾಲ ಬದಲಾಗಿಲ್ಲ, ಜಮೀನಿನ ಬೆಲೆ ಬದಲಾಗಿದೆ. ಅಣ್ಣನ ಮುಖದ ಮೇಲೇ ಅನ್ನಬೇಕೆಂದು ನಾಲಿಗೆ ತುದಿಗೆ ಬಂತು. ಹಬ್ಬದ ದಿನ, ನಡುಮನೆಯಲ್ಲಿ ಗೌರಿ ಕೂತಿದ್ದಾಳೆ. ನುಂಗಿಕೊಂಡು, "ನಾನು ಇಲ್ಲಿ ಹಾಕಲ್ಲ, ಆಫೀಸಿಗೇ ಬರ್ತೀನಿ" ಎಂದೆ. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಒಬ್ಬಟ್ಟು ಉಂಡು ಹೋದ.

ಹಬ್ಬ ಕಳೆದು ಕಚೇರಿ ತೆಗೆದ ದಿನ ಶ್ರೀರಂಗಪಟ್ಟಣದ ನೋಂದಣಿ ಕಚೇರಿ ಗಿಜಿಗಿಜಿ ಎನ್ನುತ್ತಿತ್ತು. ಹಿಂದಿನ ರಾತ್ರಿ ಬಿದ್ದ ಮಳೆಗೆ ಅಂಗಳವೆಲ್ಲ ರಾಡಿ. ಜೆರಾಕ್ಸ್ ಅಂಗಡಿಯ ಮುಂದೆ ಅಕ್ಕ ನಿಂತಿದ್ದಳು. ನಾನು ಮೊದಲು ಗುರುತು ಹಿಡಿಯಲಿಲ್ಲ. ಬಾಗಿನದ ಜೊತೆ ಬಂದ ಹೊಸ ಸೀರೆ ಉಟ್ಟಿದ್ದಳು, ಕೆನ್ನೆಗೆ ಅರಿಶಿನ, ಎರಡು ಕೈಗೂ ಹಸಿರು ಬಳೆ. ನನ್ನನ್ನು ಕಂಡು ಬಳೆ ಅಲ್ಲಾಡಿಸಿ ತೋರಿಸಿದಳು. "ಚಿಕ್ಕಸ್ವಾಮಿ ತಂದದ್ದು ಕಣೆ. ಅಳತೆ ಸರಿಯಾಗೇ ಅವೆ." ನಿರಂಜನ್ ಕಡೆಯ ವಕೀಲರು ಕೊಡೆ ಹಿಡಿದು ನಿಂತಿದ್ದರು. ಅಣ್ಣ ಎಲ್ಲರಿಗೂ ಕಾಫಿ ಹೇಳಿದ್ದ.

ಒಂದೇ ಪತ್ರ, ಇಬ್ಬರು ಹೆಣ್ಣುಮಕ್ಕಳ ಸಹಿ. ಒಬ್ಬಳು ಇಲ್ಲ ಎಂದರೆ ಅದು ಬರೀ ಕಾಗದ. ನಮ್ಮ ಸರದಿ ಬಂತು. ಪೆನ್ನು ನನ್ನ ಕಡೆ ಚಾಚಿದರು.

"ನಾನು ಹಾಕಲ್ಲ" ಎಂದೆ.

ಅಣ್ಣನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಬಾಗ್ನ ಇಸ್ಕಂಡಿದ್ದೀಯ" ಎಂದ, ಹಲ್ಲು ಕಚ್ಚಿಕೊಂಡು.

"ಬಾಗಿನ ತಂದದ್ದು ತಂಗಿಗೆ ಅಂತ ಇಸ್ಕೊಂಡೆ. ಬೆಲೆ ಅಂತ ಹೇಳಿದ್ರೆ ಆಗಲೇ ಬೇಡ ಅಂತಿದ್ದೆ. ನಾಚಿಕೆ ಆಗಲ್ವೇನಣ್ಣ ನಿಂಗೆ? ಇಷ್ಟು ವರ್ಷ ಇವಳ ಕೈಗೆ ಒಂದು ಅರಿಶಿನದ ಕೊಂಬು ಕೊಡ್ನಿಲ್ಲ. ಈಗ ಗದ್ದೆ ಬೇಕು ಅಂದಾಗ ಇವಳು ಮುತ್ತೈದೆ ಆಗ್ಬುಟ್ಟಳಾ?"

ನಾನು ಮೈಸೂರಿಗೆ ಬಂದು ಕಲಿತ ಮಾತೆಲ್ಲ ಮರೆತು ಊರ ಮಾತಿಗೆ ಇಳಿದಿದ್ದೆ. ಸಾಲಿನಲ್ಲಿದ್ದ ಜನ ತಿರುಗಿ ನೋಡಿದರು. ಅಣ್ಣ ಕೈ ಎತ್ತಿದವನು ಇಳಿಸಿಕೊಂಡ. "ಇವತ್ತಿಗೆ ನಿಂಗೂ ನಂಗೂ ತೀರ್ತು. ಇನ್ನು ತವ್ರು ಅಂತ ಬಾಗ್ಲಿಗೆ ಬಂದ್ಗಿಂದೀಯ" ಎಂದು ಪತ್ರ ಕಿತ್ತುಕೊಂಡು ಹೋದ. ಅಕ್ಕ ಬಳೆಯ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವನ ಹಿಂದೆಯೇ ಹೊರಟವಳು ನನ್ನನ್ನು ದಾಟುವಾಗ ಮುಖ ನೋಡಲಿಲ್ಲ.

ಕಚೇರಿಯ ಮೆಟ್ಟಿಲಲ್ಲೇ ನಿರಂಜನ್ ಫೋನು ಬಂತು. ವಕೀಲರು ಆಗಲೇ ಸುದ್ದಿ ಮುಟ್ಟಿಸಿದ್ದರು. "ಏನಾಯ್ತು ಭಾಗ್ಯ, ಏನ್ ಪ್ರಾಬ್ಲಂ?" ಎಂದರು.

"ಜಮೀನು ಮುಷ್ಕರ ಹೂಡಿದೆ ಸಾರ್" ಎಂದೆ. ಅವರು ನಗಲಿಲ್ಲ. ನಾನೂ ನಗಲಿಲ್ಲ. ಅದೇ ವಾರ ಕೆಲಸ ಬಿಟ್ಟೆ. ಬಿಟ್ಟೆ ಎನ್ನಿ, ಬಿಡಿಸಿದರು ಎನ್ನಿ, ಎರಡೂ ನಿಜ.

ಅಕ್ಕ ಮಾತು ಬಿಟ್ಟಳು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು. ಇವಳಿಗೋಸ್ಕರ ಅಣ್ಣನನ್ನು ಕಳೆದುಕೊಂಡೆ, ಕೆಲಸ ಕಳೆದುಕೊಂಡೆ, ಇವಳು ನೋಡಿದರೆ ನಾನೇ ತಪ್ಪು ಮಾಡಿದ ಹಾಗೆ ಮುಖ ತಿರುಗಿಸಿಕೊಂಡು ಕೂತಿದ್ದಾಳೆ. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಕಳೆ ತೆಗೆದದ್ದಾಯಿತು, ತೆನೆ ಹಾಲುಕಟ್ಟಿತು, ಬಯಲು ಹಳದಿಗೆ ತಿರುಗಿತು. ಕೊಯ್ಲು ಹಾಕಿದ್ದಾರೆಂದು ಯಾರೋ ಹೇಳಿದಾಗ ತಡೆಯಲಾಗದೆ ಹೋಗಿಬಿಟ್ಟೆ. ಅಕ್ಕ ಕಣದ ಅಂಚಿನಲ್ಲಿ ಕೂತು ಹೊಸ ಮೊರದಲ್ಲಿ ಭತ್ತ ಕೇರುತ್ತಿದ್ದಳು. ಬಾಗಿನದ ಮೊರ. ಅರಿಶಿನ ಉದುರಿ ಬಿದಿರಿನ ಬಣ್ಣ ಬಂದಿತ್ತು. ಕೈಯಲ್ಲಿ ಬಳೆ ಇರಲಿಲ್ಲ.

"ಆ ಮೊರ ಸುಟ್ಟಾಕು" ಎಂದೆ, ಬಂದವಳೇ. "ಅದರಲ್ಲಿ ಏನಿಟ್ಟು ಕೊಟ್ಟ ಅಂತ ನಿಂಗೆ ಇನ್ನೂ ಗೊತ್ತಾಗಿಲ್ವಾ? ನಿನ್ನ ಮೋಸ ಮಾಡಿ ಸಹಿ ಹಾಕಿಸಿದ."

ಅಕ್ಕ ಕೇರುವುದನ್ನು ನಿಲ್ಲಿಸಲಿಲ್ಲ. ಜೊಳ್ಳು ಗಾಳಿಗೆ ಹಾರಿ ನನ್ನ ಮೇಲೆಯೇ ಬೀಳುತ್ತಿತ್ತು.

"ಮೋಸ ಎಲ್ಲಿ ಬಂತು. ನೀನು ಮೊದ್ಲೇ ಯೋಳಿರ್ನಿಲ್ವಾ? ಗದ್ದೆ ಕಾಗ್ದ ಅಂತ ಗೊತ್ತಿತ್ತು ಕಣೆ ನಂಗೆ."

"ಗೊತ್ತಿದ್ದೂ ಹಾಕಿದೆಯಾ?"

"ಊಂ." ಮೊರವನ್ನು ತೊಡೆಯ ಮೇಲೆ ಇಳಿಸಿದಳು. "ಅವ್ನು ಬಾಗ್ಲಲ್ಲಿ ಮೊರ ಇಡ್ಕಂಡು ನಿಂತಿದ್ದ. ಅಕ್ಕಾ, ಸೆರಗು ಒಡ್ಡು ಅಂದ. ಯಾವ್ ಕಾಲ ಆಗಿತ್ತು ಆ ಮಾತು ಕೇಳಿ. ಗದ್ದೆ ಓದ್ರೆ ಓಗ್ಲಿ ಬುಡು, ಒಂದ್ಸಲ ಸೆರಗು ಒಡ್ಡಿ ನಿಂತ್ಕಬುಡವ ಅನ್ನುಸ್ತು. ನೀನು ವರ್ಸ ವರ್ಸ ಇಸ್ಕಂಡವ್ಳು. ನಿಂಗೆ ಅದು ಗೊತ್ತಾಗಕಿಲ್ಲ."

ಅಷ್ಟು ದಿನ ಅಕ್ಕನ ಮುಗ್ಧತೆಯ ಮೇಲೆ, ಅಣ್ಣನ ಕಪಟದ ಮೇಲೆ ಕಟ್ಟಿಕೊಂಡಿದ್ದ ನನ್ನ ಸಿಟ್ಟಿಗೆ ಇನ್ನೂ ದೊಡ್ಡ ಜಾಗ ಸಿಕ್ಕಿತು. ಒಬ್ಬ ಹೆಂಗಸು ಜೀವನಾಧಾರದ ಗದ್ದೆಯನ್ನು ಒಂದು ಮೊರಕ್ಕೆ ತಿಳಿದೂ ತಿಳಿದೂ ಕೊಡಲು ಸಿದ್ಧಳಾಗಬೇಕಾದರೆ, ನಾವೆಲ್ಲ ಸೇರಿ ಅವಳನ್ನು ಎಷ್ಟು ಹಸಿದಿರಲು ಬಿಟ್ಟಿದ್ದೆವು? ಆ ಹಸಿವು ನಿರಂಜನ್ ತಂದದ್ದಲ್ಲ. ಅದು ನಮ್ಮ ಮನೆಯದೇ. ಆತನ ದುಡ್ಡಿಗೆ ಅಣ್ಣ ಅದನ್ನು ಬಳಸಿಕೊಳ್ಳಲು ನೋಡಿದ, ಅಷ್ಟೇ.

ಕೊಯ್ಲಿನವರು ಕರೆದರು. ಅಕ್ಕ ಎದ್ದು ಸೆರಗು ಕೊಡವಿ, "ನಿಂತ್ಕಂಡೇ ಇದ್ದೀಯಲ್ಲ, ಉಣ್ಣು ಬಾ" ಎಂದಳು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ನಾನೀಗ ಆ ನಾರಿನ ಕಾರ್ಖಾನೆಯಲ್ಲೇ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಸಂಬಳ ಕಡಿಮೆ, ಜಗಳ ಮೊದಲಿನಷ್ಟೇ. ಬಡಾವಣೆಗೆ ಬೇರೆ ಕಡೆಯಿಂದ ಸುತ್ತುದಾರಿ ಮಾಡಿಕೊಂಡಿದ್ದಾರೆ. ಅಕ್ಕನ ಗದ್ದೆಗೆ ಮೂರು ಕಡೆ ಕಾಂಪೌಂಡು ಎದ್ದಿದೆ. ಒಂದೊಂದು ವಿಲ್ಲಾದಲ್ಲಿ ದೀಪ ಉರಿಯುತ್ತದೆ, ಉಳಿದವುಗಳಲ್ಲಿ ಹುಲ್ಲು ಬೆಳೆದಿದೆ. ಅಣ್ಣ ನಮ್ಮಿಬ್ಬರಿಗೂ ಮೊರ ತರುವುದಿಲ್ಲ. ಅವನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ಗೌರಿ ಹಬ್ಬಕ್ಕೆ ನಾನೇ ಪೇಟೆ ಬೀದಿಯಲ್ಲಿ ಜೋಡಿ ಮೊರ ಕೊಂಡು, ಅರಿಶಿನ ಬಳಿದು, ಬಳೆ ಇಟ್ಟು, ಅಕ್ಕನ ಕೋಣೆಗೆ ಒಯ್ಯುತ್ತೇನೆ. ತಂಗಿ ಅಕ್ಕನಿಗೆ, ಅದೂ ಗಂಡನಿಲ್ಲದವಳಿಗೆ, ಬಾಗಿನ ಕೊಡುವುದು ಯಾವ ಶಾಸ್ತ್ರದಲ್ಲಿದೆ ಎಂದು ಊರಿನಲ್ಲಿ ಒಬ್ಬಿಬ್ಬರು ಕೇಳಿದರು. ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ.

ಈ ಸಲವೂ ಹೋದೆ. ಮೊರದವಳ ಮೇಲೆ ರೇಗಿದ್ದಕ್ಕೆ ಚೌಕಾಸಿ ಮಾಡದೆ ಕೊಂಡ ಜೋಡಿ ಅದು. ಅಕ್ಕ ಕೈ ತೊಳೆದುಕೊಂಡು ಬಂದು, ಪೂರ್ವಕ್ಕೆ ಮುಖ ಮಾಡಿ, ಸೆರಗು ಒಡ್ಡಿ ಇಸ್ಕೊಂಡಳು. ಮಣ್ಣಿನ ಜಗಲಿಯ ಮೇಲೆ ಇಟ್ಟುಕೊಂಡು ಮೇಲಿನ ಮೊರ ತೆಗೆದಳು. ಬಳೆ ಸರಿಸಿದಳು, ರವಿಕೆ ಕಣ ಎತ್ತಿ ನೋಡಿದಳು, ಅಕ್ಕಿಯೊಳಕ್ಕೆ ಕೈ ಹಾಕಿ ತಳದವರೆಗೂ ತಡವಿದಳು. ಪ್ರತಿ ವರ್ಷ ಹಾಗೆ ಮಾಡುತ್ತಾಳೆ. ಆಮೇಲೆ ತಲೆ ಎತ್ತಿ, ಪ್ರತಿ ವರ್ಷ ಕೇಳುವುದನ್ನೇ ಕೇಳಿದಳು.

"ಒಳ್ಗೆ ಕಾಗ್ದ ಗೀಗ್ದ ಮಡಗಿಲ್ಲ ತಾನೆ?"